ಕೈ ನಡುಗುವುದು ಯಾವಾಗ?

ಕೈ ನಡುಗಿದ ಕೂಡಲೇ ಪಾರ್ಕಿನ್ಸನ್ ಕಾಯಿಲೆ ಬಂತೆಂದು ಹೆದರುವವರು ಬಹಳ. ಈ ಸಲದ ಪತ್ರಗಳಲ್ಲೂ ಅದೇ ಭಯ ತುಂಬಿದೆ. ನಡುಕಕ್ಕೆ ಹತ್ತಾರು ಕಾರಣಗಳಿವೆ, ಅವುಗಳಲ್ಲಿ ಕೆಲವು ಪೂರ್ತಿ ವಾಸಿಯಾಗುತ್ತವೆ. ಕೈ ಎಷ್ಟು ನಡುಗುತ್ತದೆ ಎನ್ನುವುದಕ್ಕಿಂತ ಯಾವಾಗ ನಡುಗುತ್ತದೆ ಎನ್ನುವುದೇ ವೈದ್ಯರಿಗೆ ಮುಖ್ಯ.

ಪ್ರಶ್ನೆ: ನನಗೆ 63 ವರ್ಷ, ನಿವೃತ್ತ ಶಿಕ್ಷಕ. ಐದಾರು ವರ್ಷಗಳಿಂದ ಎರಡೂ ಕೈ ನಡುಗುತ್ತವೆ. ಕಾಫಿ ಲೋಟ ಎತ್ತಿದರೆ ತುಳುಕುತ್ತದೆ, ಬ್ಯಾಂಕಿನಲ್ಲಿ ಸಹಿ ಹೊಂದುತ್ತಿಲ್ಲ. ಮದುವೆ ಮನೆಯಲ್ಲಿ ಪಂಕ್ತಿಗೆ ಕೂರಲು ಸಂಕೋಚ. ನಮ್ಮ ತಾಯಿಗೂ ಹೀಗೇ ಇತ್ತು. ಇದು ಪಾರ್ಕಿನ್ಸನ್ನೇ?

ಉತ್ತರ: ನಿಮ್ಮ ವಿವರಣೆ ‘ಎಸೆನ್ಷಿಯಲ್ ಟ್ರೆಮರ್’ಗೆ ಹೊಂದುತ್ತದೆ. ಇದು ಪಾರ್ಕಿನ್ಸನ್‌ಗಿಂತ ಹೆಚ್ಚು ಜನರಲ್ಲಿ ಕಾಣುವ ತೊಂದರೆ. ಕೈ ತೊಡೆಯ ಮೇಲಿದ್ದಾಗ ಸುಮ್ಮನಿರುತ್ತದೆ. ಲೋಟ ಎತ್ತಿದಾಗ, ಬರೆಯುವಾಗ, ಕೈ ಚಾಚಿದಾಗ ನಡುಗುತ್ತದೆ. ಕೆಲವರಿಗೆ ತಲೆ ಅದುರುತ್ತದೆ, ದನಿ ನಡುಗುತ್ತದೆ. ಅನೇಕ ಮನೆತನಗಳಲ್ಲಿ ತಲೆಮಾರಿನಿಂದ ತಲೆಮಾರಿಗೆ ಬರುತ್ತದೆ. ನಾಲ್ಕು ಜನರ ಮುಂದೆ, ಆತಂಕದಲ್ಲಿ, ನಿದ್ದೆಗೆಟ್ಟಾಗ ಜಾಸ್ತಿಯಾಗುತ್ತದೆ. ಅದು ನಿಮ್ಮ ಅಳುಕಿನಿಂದ ಹುಟ್ಟಿದ ಕಾಯಿಲೆಯಲ್ಲ.

ಮೊದಲು ಥೈರಾಯ್ಡ್ ಪರೀಕ್ಷೆ ಮಾಡಿಸಿ. ಥೈರಾಯ್ಡ್ ಹಾರ್ಮೋನ್ ಹೆಚ್ಚಾದರೂ ಕೈ ನಡುಗುತ್ತದೆ. ಕಾಫಿ ಕಡಿಮೆ ಮಾಡಿ ನೋಡಿ. ಪ್ರೊಪ್ರನೊಲಾಲ್, ಪ್ರಿಮಿಡೋನ್ ಎಂಬ ಮಾತ್ರೆಗಳು ಅನೇಕರಿಗೆ ಹಿಡಿತ ತರುತ್ತವೆ. ಉಬ್ಬಸ ಇದ್ದವರಿಗೆ ಪ್ರೊಪ್ರನೊಲಾಲ್ ಕೂಡದು, ಆದ್ದರಿಂದ ವೈದ್ಯರನ್ನು ಕೇಳದೆ ಕೊಳ್ಳಬೇಡಿ. ಮದ್ಯ ಕುಡಿದರೆ ನಡುಕ ನಿಲ್ಲುತ್ತದೆ ಎಂದು ಯಾರಾದರೂ ಹೇಳಿದರೆ ಕಿವಿಗೊಡಬೇಡಿ: ಒಂದೆರಡು ಗಂಟೆ ತಗ್ಗಿ, ಇಳಿದ ಮೇಲೆ ಇನ್ನೂ ಹೆಚ್ಚುತ್ತದೆ. ಲೋಟಕ್ಕೆ ಅರ್ಧ ಮಾತ್ರ ಕಾಫಿ ಹಾಕಿಸಿಕೊಂಡು ಎರಡೂ ಕೈಯಲ್ಲಿ ಹಿಡಿಯಿರಿ. ಬ್ಯಾಂಕಿಗೆ ಹೊಸ ಮಾದರಿ ಸಹಿ ಕೊಡಿ. ಪಂಕ್ತಿಯಲ್ಲಿ ಧೈರ್ಯವಾಗಿ ಕೂರಿ.

ಪ್ರಶ್ನೆ: ನಮ್ಮ ತಂದೆಗೆ 67. ಟಿವಿ ನೋಡುತ್ತಾ ಕೂತಾಗ ಬಲಗೈ ನಡುಗುತ್ತದೆ. ನಡಿಗೆ ನಿಧಾನವಾಗಿದೆ, ಅಕ್ಷರ ಇರುವೆ ಸಾಲಿನಂತೆ ಸಣ್ಣದಾಗಿದೆ. ಪಾರ್ಕಿನ್ಸನ್ ಎಂದು ವೈದ್ಯರು ಮಾತ್ರೆ ಬರೆದಿದ್ದಾರೆ. ಈಗಲೇ ಶುರು ಮಾಡಿದರೆ ಮುಂದೆ ನಾಟುವುದಿಲ್ಲವಂತೆ, ನಸುಗುನ್ನಿ ಪುಡಿ ಸಾಕು ಎನ್ನುತ್ತಾರೆ ಪರಿಚಿತರು. ಏನು ಮಾಡಲಿ?

ಉತ್ತರ: ತಂದೆಯವರ ಕೈಯನ್ನು ಹತ್ತಿರದಿಂದ ಗಮನಿಸಿ. ತೊಡೆಯ ಮೇಲೆ ಸುಮ್ಮನಿಟ್ಟ ಕೈಯ ಹೆಬ್ಬೆರಳು ತೋರುಬೆರಳನ್ನು ಉಜ್ಜುತ್ತಾ ಜಪಮಣಿ ಎಣಿಸಿದಂತೆ ಆಡುತ್ತದೆ. ಅದೇ ಕೈ ನೀರಿನ ಲೋಟ ಹಿಡಿಯಲು ಹೋದಾಗ ನಡುಕ ತಗ್ಗುತ್ತದೆ. ಪಾರ್ಕಿನ್ಸನ್ ನಡುಕದ ಗುರುತು ಇದು, ಮೊದಲ ಪತ್ರದ ಶಿಕ್ಷಕರ ನಡುಕಕ್ಕೆ ನೇರ ವಿರುದ್ಧ. ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ 1817ರಲ್ಲೇ ಇದನ್ನು ವಿವರಿಸಿದ್ದರು.

ಈ ಕಾಯಿಲೆಯ ತಿರುಳು ಮಾತ್ರ ನಡುಕವಲ್ಲ, ನಿಧಾನ. ಗುಂಡಿ ಹಾಕಲು ಹೊತ್ತು ಹಿಡಿಯುವುದು, ನಡೆಯುವಾಗ ಒಂದು ಕೈ ಬೀಸದಿರುವುದು, ಮುಖದ ಭಾವ ಕುಂದುವುದು ಇದರ ಲಕ್ಷಣಗಳು. ಕೆಲವು ರೋಗಿಗಳಿಗೆ ನಡುಕವೇ ಇರುವುದಿಲ್ಲ. ಮಿದುಳಿನಲ್ಲಿ ಡೋಪಮೈನ್ ತಯಾರಿಸುವ ಕೋಶಗಳು ಮೆಲ್ಲಗೆ ಸವೆಯುವುದೇ ಇದಕ್ಕೆ ಕಾರಣ. ಇದನ್ನು ಗುರುತಿಸುವುದು ಮುಖ್ಯವಾಗಿ ವೈದ್ಯರ ಕಣ್ಣು ಮತ್ತು ಕೈ. ಸ್ಕ್ಯಾನ್ ಸರಿಯಿದೆ ಎಂದ ಮಾತ್ರಕ್ಕೆ ಕಾಯಿಲೆ ಇಲ್ಲವೆಂದಲ್ಲ.

ಲೆವೊಡೋಪಾ ಮಾತ್ರೆ ಬೇಗ ಶುರು ಮಾಡಿದರೆ ಅದರ ಶಕ್ತಿ ಮುಗಿದುಹೋಗುತ್ತದೆ ಎಂಬ ಮಾತು ನಿಜವಲ್ಲ. ಕಾಯಿಲೆ ಮುಂದುವರಿದಂತೆ ಪ್ರಮಾಣ ಬದಲಾಗುತ್ತದೆ, ಅಷ್ಟೇ. ಓಡಾಡಿಕೊಂಡಿರಬೇಕಾದ ವರ್ಷಗಳನ್ನು ಹೆದರಿಕೆಯಲ್ಲಿ ಕಳೆಯಬೇಡಿ. ಮಾತ್ರೆಯನ್ನು ಊಟಕ್ಕೆ ಅರ್ಧ ಗಂಟೆ ಮೊದಲು, ದಿನವೂ ಅದೇ ಹೊತ್ತಿಗೆ ಕೊಡಿ. ಬೇಳೆ, ಹಾಲು, ಮೊಟ್ಟೆಯ ಪ್ರೋಟೀನ್ ಜೊತೆಯಾದರೆ ಅದು ಸರಿಯಾಗಿ ಹೀರಿಕೆಯಾಗುವುದಿಲ್ಲ. ನಸುಗುನ್ನಿ ಬೀಜದಲ್ಲೂ ಲೆವೊಡೋಪಾ ಇರುವುದು ನಿಜ. ಆದರೆ ಒಂದು ಚಮಚ ಪುಡಿಯಲ್ಲಿ ಎಷ್ಟಿದೆ ಎಂದು ಅಳೆಯಲಾಗದು. ಮಾತ್ರೆಯ ಜೊತೆಗೆ ಗುಟ್ಟಾಗಿ ಕೊಟ್ಟರೆ ವಾಂತಿ, ರಕ್ತದೊತ್ತಡ ಕುಸಿತ, ಭ್ರಮೆ ಬರಬಹುದು. ದಿನವೂ ನಡಿಗೆ, ವ್ಯಾಯಾಮ ಮಾಡಿಸಿ, ಅದೂ ಔಷಧಿಯೇ. ಮುಂದೆ ಮಾತ್ರೆಯ ಪರಿಣಾಮ ಏರುಪೇರಾದರೆ, ಆಯ್ದ ರೋಗಿಗಳಿಗೆ ಮಿದುಳಿನೊಳಗೆ ಸಣ್ಣ ತಂತಿ ಇಡುವ ಡಿಬಿಎಸ್ ಶಸ್ತ್ರಚಿಕಿತ್ಸೆಯೂ ಇದೆ.

ಪ್ರಶ್ನೆ: ನನ್ನ ಪತ್ನಿಗೆ 58. ತಲೆಸುತ್ತಿಗೆಂದು ಹತ್ತು ತಿಂಗಳಿಂದ ಒಂದೇ ಮಾತ್ರೆ ನುಂಗುತ್ತಿದ್ದಾಳೆ. ಈಗ ಕೈ ನಡುಕ, ಮೈ ಭಾರ, ಮಂಕು. ಹೊಸ ಕಾಯಿಲೆಯೇ?

ಉತ್ತರ: ಆ ಮಾತ್ರೆಯ ಹೆಸರು ನೋಡಿ. ತಲೆಸುತ್ತಿಗೆ ಕೊಡುವ ಸಿನ್ನರಿಜಿನ್, ಮೈಗ್ರೇನ್‌ಗೆ ಕೊಡುವ ಫ್ಲುನಾರಿಜಿನ್, ವಾಂತಿಗೆ ಕೊಡುವ ಮೆಟೊಕ್ಲೋಪ್ರಮೈಡ್, ಮನೋರೋಗದ ಕೆಲವು ಮಾತ್ರೆಗಳು ಡೋಪಮೈನ್‌ಗೆ ತಡೆಯೊಡ್ಡಿ ಥೇಟ್ ಪಾರ್ಕಿನ್ಸನ್‌ನಂಥ ಸ್ಥಿತಿ ತರುತ್ತವೆ. ಕೆಲವು ದಿನಕ್ಕೆಂದು ಬರೆದ ಚೀಟಿಯನ್ನೇ ಮೆಡಿಕಲ್ ಸ್ಟೋರಿನಲ್ಲಿ ತಿಂಗಳುಗಟ್ಟಲೆ ತೋರಿಸಿ ತಂದವರನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ. ಅವರು ತಂದ ಮಾತ್ರೆಗಳ ಚೀಲವನ್ನು ಮೇಜಿನ ಮೇಲೆ ಸುರಿದಾಗ, ಮುಕ್ಕಾಲು ಖಾಲಿಯಾದ ಒಂದು ಸ್ಟ್ರಿಪ್ಪಿನಲ್ಲೇ ಉತ್ತರ ಸಿಕ್ಕಿಬಿಡುತ್ತದೆ. ವೈದ್ಯರ ಸಲಹೆಯಂತೆ ಮಾತ್ರೆ ನಿಲ್ಲಿಸಿದರೆ ಹೆಚ್ಚಿನವರು ಕೆಲವು ವಾರ, ತಿಂಗಳುಗಳಲ್ಲಿ ಚೇತರಿಸಿಕೊಳ್ಳುತ್ತಾರೆ. ಮನೋರೋಗದ ಮಾತ್ರೆಗಳನ್ನು ಮಾತ್ರ ನೀವಾಗಿ ಒಮ್ಮೆಲೇ ನಿಲ್ಲಿಸಬೇಡಿ.

ಪ್ರಶ್ನೆ: ನನ್ನ ಮಗನಿಗೆ 17 ವರ್ಷ, ಪಿಯುಸಿ ಓದುತ್ತಿದ್ದಾನೆ. ಆರು ತಿಂಗಳಿಂದ ಕೈ ನಡುಕ, ಮಾತು ತೊದಲು, ಸಿಟ್ಟು. ಎರಡು ವರ್ಷದ ಹಿಂದೆ ಕಾಮಾಲೆ ಆಗಿತ್ತು. ನಮ್ಮದು ಸೋದರಸಂಬಂಧದ ಮದುವೆ. ದೃಷ್ಟಿಯಾಗಿದೆ ಎನ್ನುತ್ತಾರೆ ಅತ್ತೆ.

ಉತ್ತರ: ತಾಯಿ, ತಡಮಾಡಬೇಡಿ. ಎಳೆಯ ವಯಸ್ಸಿನಲ್ಲಿ ನಡುಕ ಬಂದರೆ ‘ವಿಲ್ಸನ್ ಕಾಯಿಲೆ’ ಇಲ್ಲವೆಂದು ಖಚಿತಪಡಿಸಿಕೊಳ್ಳಲೇಬೇಕು. ಊಟದ ಮೂಲಕ ಬರುವ ತಾಮ್ರವನ್ನು ದೇಹ ಹೊರಹಾಕಲಾರದೆ ಅದು ಮೊದಲು ಪಿತ್ತಜನಕಾಂಗದಲ್ಲಿ, ಆಮೇಲೆ ಮಿದುಳಿನಲ್ಲಿ ಸೇರಿಕೊಳ್ಳುತ್ತದೆ. ಕಾಮಾಲೆ, ತೊದಲು, ಸಿಟ್ಟು, ಓದಿನಲ್ಲಿ ಹಿಂದೆ ಬೀಳುವುದು ಎಲ್ಲಕ್ಕೂ ಮೂಲ ಒಂದೇ ಇರಬಹುದು. ರಕ್ತದ ಸೆರುಲೋಪ್ಲಾಸ್ಮಿನ್, 24 ಗಂಟೆಯ ಮೂತ್ರದ ತಾಮ್ರ, ಕಣ್ಣಿನ ಕರಿಗುಡ್ಡೆಯ ಅಂಚಿನ ಕಂದು ಉಂಗುರದ ಪರೀಕ್ಷೆ ಮಾಡಿಸಿ. ಬೇಗ ಹಿಡಿದರೆ ಔಷಧಿಯಿಂದ ಹಿಡಿತಕ್ಕೆ ತರಬಹುದಾದ ಕಾಯಿಲೆ ಇದು. ಔಷಧಿ ಜೀವನಪೂರ್ತಿ ಬೇಕು. ಇದು ದೃಢಪಟ್ಟರೆ ಒಡಹುಟ್ಟಿದವರಿಗೂ ಪರೀಕ್ಷೆ ಅಗತ್ಯ: ಪ್ರತಿಯೊಬ್ಬರಿಗೂ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇಂಥ ಮಕ್ಕಳಿಗೆ ಚಿಕಿತ್ಸೆ ಸಿಗುತ್ತದೆ. ಹರಕೆ ನಿಮ್ಮ ನಂಬಿಕೆಗೆ ಬಿಟ್ಟದ್ದು, ರಕ್ತಪರೀಕ್ಷೆ ಮಾತ್ರ ಈ ವಾರವೇ ಆಗಲಿ.

ಎಲ್ಲರಿಗೂ ಒಂದು ಮಾತು. ವೈದ್ಯರ ಬಳಿ ಹೋಗುವ ಮುನ್ನ ಮೊಬೈಲಿನಲ್ಲಿ ಒಂದು ನಿಮಿಷದ ವಿಡಿಯೊ ಮಾಡಿಕೊಳ್ಳಿ: ಕೈ ತೊಡೆಯ ಮೇಲಿಟ್ಟು, ಕೈ ಚಾಚಿ, ನೀರು ಕುಡಿಯುತ್ತಾ, ನಡೆಯುತ್ತಾ. ಬಿಳಿ ಹಾಳೆಯಲ್ಲಿ ನಾಲ್ಕು ಸಾಲು ಬರೆಸಿ, ಚಕ್ಕುಲಿಯಂಥ ಸುರುಳಿಯೊಂದನ್ನು ಬಿಡಿಸಲು ಹೇಳಿ. ಮನೆಯಲ್ಲಿರುವ ಎಲ್ಲ ಮಾತ್ರೆಗಳನ್ನೂ, ಪುಡಿ, ಲೇಹ್ಯಗಳನ್ನೂ ಚೀಲದಲ್ಲಿ ತನ್ನಿ. ನಡುಕ ಇದ್ದಕ್ಕಿದ್ದಂತೆ ಬಂದು, ಜೊತೆಗೆ ಬಾಯಿ ಸೊಟ್ಟಗಾಗುವುದು, ಕೈಕಾಲು ಸೋಲುವುದು ಕಂಡರೆ ಅದು ಪಾರ್ಶ್ವವಾಯು ಇರಬಹುದು. ಆಗ ವಿಡಿಯೊ ಬೇಡ, ತಕ್ಷಣ 108ಕ್ಕೆ ಕರೆ ಮಾಡಿ.