ಮನಸ್ಸು ಎಂದರೆ ಮೆದುಳು ಮಾತ್ರವೇ?



ಕೆಲವು ವರ್ಷಗಳ ಹಿಂದಿನ ಮಾತು. ನನ್ನ ಮದ್ರಸ ತರಗತಿಯಲ್ಲಿ ಚೆನ್ನಾಗಿ ಪಾಠ ಒಪ್ಪಿಸುತ್ತಿದ್ದ ಹುಡುಗನೊಬ್ಬ ಇದ್ದಕ್ಕಿದ್ದಂತೆ ಮಂಕಾದ. ಕಾರಣ ಕೇಳಿದರೆ ತಲೆ ತಗ್ಗಿಸುತ್ತಿದ್ದ. ಒಂದು ದಿನ ಅವನ ತಂದೆಯೇ ಬಂದರು. "ಉಸ್ತಾದರೇ, ಇವನ ಉಮ್ಮ ಎರಡು ತಿಂಗಳಿಂದ ಸರಿಯಾಗಿ ನಿದ್ದೆ ಮಾಡುತ್ತಿಲ್ಲ. ಒಲೆಯ ಮುಂದೆ ಕುಳಿತರೆ ಕುಳಿತೇ ಇರುತ್ತಾಳೆ. ಮನೆಯಲ್ಲಿ ಕೊರತೆಯಿಲ್ಲ, ಯಾರೂ ನೋಯಿಸಿಲ್ಲ. ಆದರೂ ಅಳುತ್ತಾಳೆ. ಏನು ಮಾಡಲಿ?" ಎಂದರು.

ನಾನು ಹೆಚ್ಚು ಯೋಚಿಸಲಿಲ್ಲ. "ಈಮಾನ್ ದುರ್ಬಲವಾದಾಗ ಹೀಗಾಗುತ್ತದೆ. ನಮಾಝ್, ದಿಕ್ರ್ ಹೆಚ್ಚಿಸಲು ಹೇಳಿ" ಎಂದುಬಿಟ್ಟೆ.

ಆ ಮಾತನ್ನು ಅವರು ಹಾಗೆಯೇ ಮನೆಗೆ ಒಯ್ದರು. ಆ ಸಹೋದರಿ ನಮಾಝ್ ಬಿಟ್ಟವರೇ ಆಗಿರಲಿಲ್ಲ. ಇದ್ದ ದುಃಖದ ಮೇಲೆ 'ನಾನು ಪಾಪಿ' ಎಂಬ ಇನ್ನೊಂದು ಹೊರೆಯನ್ನು ನಾನು ಹೊರಿಸಿದ್ದೆ. ಕೊನೆಗೆ ಅವರ ಅಣ್ಣ ಅವರನ್ನು ವೈದ್ಯರ ಬಳಿಗೆ ಕರೆದೊಯ್ದರು. ಔಷಧಿ, ಮಾತು, ಮನೆಯವರ ಆರೈಕೆ ಎಲ್ಲ ಸೇರಿ ಕೆಲವು ತಿಂಗಳಲ್ಲಿ ಅವರು ಚೇತರಿಸಿಕೊಂಡರು. ನಾನು ಆ ಮನೆಗೆ ಹೋಗಿ ಕ್ಷಮೆ ಕೇಳಿದೆ. ಅವರು ಕ್ಷಮಿಸಿದರು. ಆದರೆ ನಾನು ತಪ್ಪಿದ್ದು ಎಲ್ಲಿ ಎಂಬ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಅದರ ಬೆನ್ನು ಹಿಡಿದು ಓದಿದ್ದನ್ನು ಇಲ್ಲಿ ನಿಮ್ಮ ಮುಂದಿಡುತ್ತಿದ್ದೇನೆ.

ಗಾಳಿಯಲ್ಲಿ ತೇಲುವ ಮನುಷ್ಯ

ಮನಸ್ಸನ್ನು ಅಧ್ಯಯನ ಮಾಡುವ ವಿಜ್ಞಾನಗಳು ಇಂದು ಹಲವಿವೆ. ಮನಶ್ಶಾಸ್ತ್ರ ವರ್ತನೆಯನ್ನೂ ಅನುಭವವನ್ನೂ ನೋಡುತ್ತದೆ. ನರವಿಜ್ಞಾನ ಮೆದುಳನ್ನು ನೋಡುತ್ತದೆ. ಗಣಕ ವಿಜ್ಞಾನ ಯೋಚಿಸುವ ಕೆಲಸವನ್ನು ಯಂತ್ರದಿಂದ ಮಾಡಿಸಲು ಯತ್ನಿಸುತ್ತದೆ. ಆದರೆ ಇವು ಕಾಣುವುದು ಮನಸ್ಸನ್ನೋ ಅಥವಾ ಅದರ ಒಂದು ಮಗ್ಗುಲನ್ನೋ? ಈ ಪ್ರಶ್ನೆಗೆ ಉಪಕರಣಗಳು ಉತ್ತರಿಸಲಾರವು. ಅದು ತತ್ವಚಿಂತನೆಯ ಕೆಲಸ.

ಸುಮಾರು ಒಂದು ಸಾವಿರ ವರ್ಷಗಳ ಹಿಂದೆ ಇಬ್ನು ಸೀನಾ (980-1037) ಒಂದು ಕಲ್ಪನೆಯನ್ನು ಮುಂದಿಟ್ಟರು. ಒಬ್ಬ ಮನುಷ್ಯ ಪೂರ್ಣ ಬೆಳೆದ ಸ್ಥಿತಿಯಲ್ಲಿ ಒಮ್ಮೆಲೇ ಸೃಷ್ಟಿಯಾದನೆಂದು ಭಾವಿಸಿರಿ. ಅವನು ಶೂನ್ಯದಲ್ಲಿ ತೇಲುತ್ತಿದ್ದಾನೆ. ಕಣ್ಣಿಗೆ ಏನೂ ಕಾಣುತ್ತಿಲ್ಲ. ಕೈಕಾಲುಗಳು ಒಂದಕ್ಕೊಂದು ತಾಗುತ್ತಿಲ್ಲ. ಗಾಳಿಯ ಸ್ಪರ್ಶವೂ ತಿಳಿಯುತ್ತಿಲ್ಲ. ತನಗೊಂದು ದೇಹವಿದೆಯೆಂದು ಅವನಿಗೆ ಗೊತ್ತಾಗುವ ದಾರಿಯೇ ಇಲ್ಲ. ಆದರೂ 'ನಾನಿದ್ದೇನೆ' ಎಂಬುದು ಅವನಿಗೆ ತಿಳಿದಿರುವುದಿಲ್ಲವೇ? ತಿಳಿದಿರುತ್ತದೆ ಎಂದರು ಇಬ್ನು ಸೀನಾ. ಆದ್ದರಿಂದ 'ನಾನು' ಎಂಬುದನ್ನು ಕೈಕಾಲುಗಳ ಲೆಕ್ಕದಲ್ಲಿ ಮುಗಿಸಲಾಗದು. 'ಅಶ್ಶಿಫಾ' ಎಂಬ ಅವರ ಬೃಹದ್ಗ್ರಂಥದ ನಫ್ಸ್‌ನ ಭಾಗದಲ್ಲಿ ಈ ಚರ್ಚೆಯಿದೆ.

ಇಲ್ಲಿ ಆತುರ ಬೇಡ. ದೇಹವನ್ನು ಅರಿಯದೆ ನನ್ನನ್ನು ಅರಿಯಬಲ್ಲೆ ಎಂದ ಮಾತ್ರಕ್ಕೆ ನಾನು ದೇಹದಿಂದ ಬೇರೆ ಎಂದು ಸಿದ್ಧವಾಗುತ್ತದೆಯೇ? ನೀರು ಕುಡಿದು ಬಲ್ಲ ಮಗುವಿಗೆ ಜಲಜನಕ, ಆಮ್ಲಜನಕಗಳು ತಿಳಿದಿರುವುದಿಲ್ಲ. ಹಾಗೆಂದು ನೀರೇ ಬೇರೆ, ಅವೇ ಬೇರೆ ಎನ್ನಲಾಗದು. ಇಬ್ನು ಸೀನಾ ಕೂಡಾ ಇದನ್ನು ಎಚ್ಚರಿಸುವ, ನೆನಪಿಸುವ ಒಂದು ಸೂಚನೆಯೆಂದೇ ಕರೆದರು. ಈ ಸೂಚನೆಯಿಂದ ಒಂದು ಮಾತಂತೂ ದೃಢವಾಗುತ್ತದೆ. ಮನಸ್ಸನ್ನು ಒಳಗಿನಿಂದ ಅರಿಯುವ ಒಂದು ದಾರಿಯಿದೆ. ಆ ದಾರಿ ಹೊರಗಿನವರಿಗೆ ತೆರೆದಿರುವುದಿಲ್ಲ.

ರಾಜಕುಮಾರಿಯ ಪ್ರಶ್ನೆ

ಫ್ರಾನ್ಸಿನ ದೆಕಾರ್ತ್ 1641ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಮನಸ್ಸು ಮತ್ತು ದೇಹಗಳನ್ನು ಎರಡು ಬೇರೆ ಬೇರೆ ವಸ್ತುಗಳೆಂದು ವಾದಿಸಿದರು. ದೇಹಕ್ಕೆ ಉದ್ದಗಲವಿದೆ, ಮನಸ್ಸಿಗೆ ಇಲ್ಲ. 1643ರಲ್ಲಿ ಬೊಹಿಮಿಯಾದ ರಾಜಕುಮಾರಿ ಎಲಿಜಬೆತ್ ಅವರಿಗೆ ಪತ್ರ ಬರೆದು ಕೇಳಿದ ಪ್ರಶ್ನೆ ಸರಳವಾಗಿತ್ತು: ಉದ್ದಗಲವಿಲ್ಲದ, ತಾಗಲಾಗದ ಮನಸ್ಸು ದೇಹವನ್ನು ಚಲಿಸುವಂತೆ ಮಾಡುವುದು ಹೇಗೆ? ದೆಕಾರ್ತ್ ಮೆದುಳಿನ ನಡುವಿನ ಒಂದು ಪುಟ್ಟ ಗ್ರಂಥಿಯನ್ನು ತೋರಿಸಿದರು. ಆದರೆ ಎರಡೂ ಎಲ್ಲಿ ಕೂಡುತ್ತವೆ ಎಂದು ಹೇಳಿದರೆ ಹೇಗೆ ಕೂಡುತ್ತವೆ ಎಂದು ಹೇಳಿದಂತಾಗದು. ಪ್ರಶ್ನೆ ಹಾಗೆಯೇ ಉಳಿಯಿತು.

ಉತ್ತರ ಸಿಗದಾಗ ಕೆಲವರು ಒಳಗಿನ ಮನಸ್ಸನ್ನೇ ಬದಿಗಿಟ್ಟರು. 1913ರಲ್ಲಿ ಅಮೆರಿಕದ ಜಾನ್ ವಾಟ್ಸನ್, ಮನಶ್ಶಾಸ್ತ್ರವು ಕಣ್ಣಿಗೆ ಕಾಣುವ ವರ್ತನೆಯನ್ನು ಮಾತ್ರ ಅಧ್ಯಯನ ಮಾಡಬೇಕೆಂದು ಸಾರಿದರು. ಈ ವರ್ತನವಾದದಿಂದ ಕಲಿಕೆ, ಅಭ್ಯಾಸಗಳ ಬಗ್ಗೆ ಬಹಳಷ್ಟು ತಿಳಿದುಬಂತು, ನಿಜ. ಆದರೆ ನೀವೇ ಹೇಳಿರಿ: ಮನೆಗೆ ಬಂದ ಅತಿಥಿಗಳಿಗೆ ನಗುತ್ತಾ ಚಹಾ ಕೊಟ್ಟು, ಅಡುಗೆಮನೆಗೆ ಮರಳಿ ಕಣ್ಣೊರೆಸಿಕೊಳ್ಳುವವರು ನಮ್ಮಲ್ಲಿ ಎಷ್ಟಿಲ್ಲ? ವರ್ತನೆಯನ್ನಷ್ಟೇ ನೋಡಿದವನಿಗೆ ಆ ನಗು ಮಾತ್ರ ಕಾಣುತ್ತದೆ.

ಮೆದುಳಿನ ಸಾಕ್ಷ್ಯ

ಇನ್ನು ಕೆಲವರು, ಮನಸ್ಸೆಂದರೆ ಮೆದುಳಿನ ಪ್ರಕ್ರಿಯೆಯೇ ಎಂದರು. 1956ರಲ್ಲಿ ಯು.ಟಿ. ಪ್ಲೇಸ್, 1959ರಲ್ಲಿ ಜೆ.ಜೆ.ಸಿ. ಸ್ಮಾರ್ಟ್ ಈ ವಾದವನ್ನು ಮಂಡಿಸಿದರು. ಇದನ್ನು ಲಘುವಾಗಿ ತಳ್ಳಿಹಾಕುವಂತಿಲ್ಲ. 1848ರಲ್ಲಿ ಅಮೆರಿಕದ ವರ್ಮಾಂಟ್‌ನಲ್ಲಿ ರೈಲು ಹಳಿಗಾಗಿ ಬಂಡೆ ಸಿಡಿಸುತ್ತಿದ್ದ ಫಿನಿಯಸ್ ಗೇಜ್ ಎಂಬ ಮೇಸ್ತ್ರಿಯ ತಲೆಯನ್ನು ಒಂದು ಮೀಟರಿಗಿಂತ ಉದ್ದದ ಕಬ್ಬಿಣದ ಸರಳು ಸೀಳಿಕೊಂಡು ಹೋಯಿತು. ಅವನು ಬದುಕಿದ, ಮಾತಾಡಿದ. ಆದರೆ ಸ್ವಭಾವ ಬದಲಾಯಿತು. ಸಂಯಮಿಯಾಗಿದ್ದವನು ಸಿಡುಕನಾದ. ಗೆಳೆಯರಿಗೆ ಅವನು ಹಿಂದಿನ ಗೇಜ್ ಅಲ್ಲವೆನಿಸಿತು. ಸದ್ಗುಣವೆಂದು ನಾವು ಹೊಗಳುವ ತಾಳ್ಮೆಗೂ ಮೆದುಳಿನ ಆರೋಗ್ಯಕ್ಕೂ ನಂಟಿದೆ ಎಂದಾಯಿತು.

ಆದರೆ ಅನೇಕರು ಕಥೆಯನ್ನು ಅಲ್ಲಿಗೇ ನಿಲ್ಲಿಸುತ್ತಾರೆ. ಗೇಜ್ ಆಮೇಲೆ ಚಿಲಿ ದೇಶಕ್ಕೆ ಹೋಗಿ ಹಲವು ವರ್ಷ ಕುದುರೆಬಂಡಿ ಓಡಿಸಿದ. ವೇಳೆಗೆ ಸರಿಯಾಗಿ ಎದ್ದು, ಕುದುರೆಗಳನ್ನು ಸಜ್ಜುಗೊಳಿಸಿ, ಪ್ರಯಾಣಿಕರೊಂದಿಗೆ ನಯವಾಗಿ ವರ್ತಿಸಬೇಕಾದ ಕೆಲಸವದು. ಗಾಯಗೊಂಡ ಮೆದುಳಿನವನೂ ಕ್ರಮಬದ್ಧ ದುಡಿಮೆಯ ನಡುವೆ ಬಹಳಷ್ಟು ಚೇತರಿಸಿಕೊಂಡನೆಂದು ಇಂದಿನ ಸಂಶೋಧಕರು ಇದರಿಂದ ಊಹಿಸುತ್ತಾರೆ.

ಗೇಜ್‌ನಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಥೈರಾಯ್ಡ್ ಗ್ರಂಥಿಯ ಸ್ರಾವ ಕಡಿಮೆಯಾದರೆ ಮನುಷ್ಯ ಕುಗ್ಗುತ್ತಾನೆ, ಮಂಕಾಗುತ್ತಾನೆ. ಹೆರಿಗೆಯ ನಂತರ ಕೆಲವು ತಾಯಂದಿರನ್ನು ತೀವ್ರ ಖಿನ್ನತೆ ಆವರಿಸುತ್ತದೆ. ಇದಕ್ಕೆ ಈಮಾನನ್ನು ಅಳೆಯಲು ಹೊರಡುವುದು ಜ್ವರ ಬಂದವನ ನಡತೆಯನ್ನು ವಿಚಾರಿಸಿದಂತೆ.

ಒಳಗಿನ ಕತ್ತಲು, ಒಳಗಿನ ಬೆಳಕು

ಹಾಗಾದರೆ ಮೆದುಳನ್ನು ಪೂರ್ತಿ ಅರಿತರೆ ಮನಸ್ಸನ್ನು ಪೂರ್ತಿ ಅರಿತಂತಾಯಿತೇ? 1974ರಲ್ಲಿ ಥಾಮಸ್ ನೇಗಲ್ ಬಾವಲಿಯ ಉದಾಹರಣೆ ಕೊಟ್ಟರು. ಬಾವಲಿ ತನ್ನ ಕೂಗಿನ ಪ್ರತಿಧ್ವನಿಯಿಂದ ಕತ್ತಲಲ್ಲಿ ದಾರಿ ಕಾಣುತ್ತದೆ. ಅದರ ಕಿವಿ, ಮೆದುಳು ಎಲ್ಲವನ್ನೂ ನಾವು ವಿವರಿಸಬಹುದು. ಆದರೆ ಬಾವಲಿಯಾಗಿ ಇರುವುದು ಆ ಬಾವಲಿಗೆ ಹೇಗನಿಸುತ್ತದೆ? ಹೊರಗಿನ ವಿವರಣೆಯಲ್ಲಿ ಅದು ಸಿಗದು. 1995ರಲ್ಲಿ ಡೇವಿಡ್ ಚಾಮರ್ಸ್ ಇದನ್ನೇ ಪ್ರಜ್ಞೆಯ ಕಠಿಣ ಸಮಸ್ಯೆ ಎಂದು ಕರೆದರು. ಮೆದುಳು ಕೆಲಸ ಮಾಡುವಾಗ ಅದರೊಂದಿಗೆ ಅನುಭವವೂ ಇರುವುದೇಕೆ?

ನರವಿಜ್ಞಾನಿ ಕ್ರಿಸ್ಟಾಫ್ ಕಾಖ್, 25 ವರ್ಷಗಳೊಳಗೆ ಪ್ರಜ್ಞೆಗೆ ಆಧಾರವಾದ ಮೆದುಳಿನ ಕ್ರಿಯೆ ಸ್ಪಷ್ಟವಾಗಿ ಪತ್ತೆಯಾಗುತ್ತದೆಂದು 1998ರಲ್ಲಿ ಚಾಮರ್ಸ್‌ರೊಡನೆ ಪಂದ್ಯ ಕಟ್ಟಿದರು. ಪಂದ್ಯ ಕಟ್ಟುವುದು ನಮಗೆ ಸಲ್ಲದ ವಿಷಯ, ಅದು ಬೇರೆ ಮಾತು. 2023ರಲ್ಲಿ ಕಾಖ್ ಬಹಿರಂಗವಾಗಿ ಸೋಲೊಪ್ಪಿಕೊಂಡರು. ಅಂದರೆ ವಿಜ್ಞಾನ ಸೋತಿತೆಂದಲ್ಲ. ಹುಡುಕಾಟ ಮುಂದುವರಿದಿದೆ. 'ಇನ್ನೂ ತಿಳಿದಿಲ್ಲ' ಎನ್ನುವ ಪ್ರಾಮಾಣಿಕತೆ ವಿದ್ವತ್ತಿನ ಲಕ್ಷಣ. ಪವಿತ್ರ ಕುರ್‌ಆನ್ ಕೂಡಾ ರೂಹ್‌ನ ಕುರಿತಾದ ಪ್ರಶ್ನೆಯ ಸಂದರ್ಭದಲ್ಲಿ (17:85) ಮಾನವನ ಅರಿವಿಗಿರುವ ಮಿತಿಯನ್ನು ನೆನಪಿಸುತ್ತದೆ. ಆದರೆ ಈ ಮಿತಿಯನ್ನು ಸೋಮಾರಿತನಕ್ಕೆ ನೆಪ ಮಾಡಿಕೊಳ್ಳಬಾರದು. ಮಿತಿಯನ್ನು ಅರಿತವನು ತೀರ್ಪು ಕೊಡಲು ಹಿಂಜರಿಯಬೇಕು, ಕಲಿಯಲು ಹಿಂಜರಿಯಬಾರದು.

ಇಂದು ಮೊಬೈಲ್‌ನಲ್ಲಿ ಯಂತ್ರವೇ ಕನ್ನಡದಲ್ಲಿ ಉತ್ತರ ಕೊಡುತ್ತದೆ. "ಇದಕ್ಕೂ ಮನಸ್ಸಿದೆಯೇ?" ಎಂದು ಮಕ್ಕಳು ಕೇಳುತ್ತಾರೆ. 1980ರಲ್ಲಿ ಜಾನ್ ಸರ್ಲ್ ಹೇಳಿದ ಉದಾಹರಣೆಯನ್ನು ಅವರಿಗೆ ಹೇಳಿರಿ. ಚೀನೀ ಭಾಷೆ ಬಾರದ ಒಬ್ಬ ಒಂದು ಕೋಣೆಯಲ್ಲಿದ್ದಾನೆ. ಹೊರಗಿನಿಂದ ಚೀನೀ ಅಕ್ಷರಗಳ ಚೀಟಿ ಬರುತ್ತದೆ. ನಿಯಮಗಳ ಪುಸ್ತಕ ನೋಡಿ ಅವನು ಸರಿಯಾದ ಉತ್ತರದ ಚೀಟಿಯನ್ನು ಹೊರಗೆ ಕಳುಹಿಸುತ್ತಾನೆ. ಉತ್ತರ ಸರಿ, ಆದರೆ ಅವನಿಗೆ ಅರ್ಥವಾದದ್ದು ಏನೂ ಇಲ್ಲ. ಈ ವಾದವನ್ನು ಒಪ್ಪದ ಚಿಂತಕರೂ ಅನೇಕರಿದ್ದಾರೆ. ಆದರೂ ಸರಿಯಾದ ಮಾತು ಹೊರಬಂದ ಕೂಡಲೇ ಒಳಗೆ ಅರಿವಿದೆಯೆಂದು ತೀರ್ಮಾನಿಸಬಾರದೆಂಬ ಎಚ್ಚರ ಒಳ್ಳೆಯದೇ.

ಬಲ್ಖೀ ತೋರಿಸಿದ ದಾರಿ

ಹೀಗೆ ವರ್ತನೆ, ಮೆದುಳು, ಒಳಗಿನ ಅನುಭವ ಎಂಬ ಮೂರು ಕಡೆಯಿಂದ ಮನಸ್ಸನ್ನು ನೋಡಬಹುದು. ಯಾವುದಾದರೂ ಒಂದನ್ನೇ ಸಂಪೂರ್ಣ ಸತ್ಯವೆಂದುಕೊಂಡಾಗ ತಪ್ಪು ಆರಂಭವಾಗುತ್ತದೆ. ನಮ್ಮ ಹಿಂದಿನ ವಿದ್ವಾಂಸರು ಈ ವಿಷಯದಲ್ಲಿ ನಮಗಿಂತ ಎಚ್ಚರದಿಂದಿದ್ದರು. ತೇಲುವ ಮನುಷ್ಯನ ಮೂಲಕ ನಫ್ಸನ್ನು ಚರ್ಚಿಸಿದ ಇಬ್ನು ಸೀನಾರೇ 'ಅಲ್‌ಕಾನೂನ್' ಎಂಬ ವೈದ್ಯಗ್ರಂಥದಲ್ಲಿ ವಿಷಾದರೋಗವನ್ನು ತಲೆಯ ಕಾಯಿಲೆಗಳ ಜೊತೆಯಲ್ಲಿಟ್ಟು ಚಿಕಿತ್ಸೆ ಹೇಳಿದರು. ನಫ್ಸನ್ನು ಒಪ್ಪಿಕೊಂಡದ್ದು ಅವರಿಗೆ ಔಷಧಿಯನ್ನು ನಿರಾಕರಿಸಲು ಕಾರಣವಾಗಲಿಲ್ಲ.

ಅವರಿಗಿಂತಲೂ ಮೊದಲಿನವರು ಅಬೂ ಝೈದ್ ಅಲ್‌ಬಲ್ಖೀ. ಇಂದಿನ ಅಫ್ಘಾನಿಸ್ತಾನದ ಬಲ್ಖ್ ಪ್ರದೇಶದ ಅವರು 934ರಲ್ಲಿ ನಿಧನರಾದರು. ದೇಹ ಮತ್ತು ನಫ್ಸ್‌ಗಳ ಆರೋಗ್ಯದ ಬಗ್ಗೆ ಒಂದೇ ಗ್ರಂಥ ಬರೆದರು. ಅದರಲ್ಲಿ ದುಃಖವನ್ನು ಎರಡಾಗಿ ವಿಂಗಡಿಸಿದರು. ಒಂದು, ಪ್ರಿಯರನ್ನೋ ಸಂಪತ್ತನ್ನೋ ಕಳೆದುಕೊಂಡಂತಹ, ಕಾರಣ ತಿಳಿದಿರುವ ದುಃಖ. ಇನ್ನೊಂದು, ಕಾರಣವೇ ಗೊತ್ತಾಗದೆ ಆವರಿಸಿಕೊಂಡು ಯಾವುದರಲ್ಲೂ ಆಸಕ್ತಿ ಉಳಿಯಗೊಡದ ದುಃಖ. ಎರಡನೆಯದರ ಬೇರು ದೇಹದಲ್ಲಿದೆ, ಆದ್ದರಿಂದ ದೇಹಕ್ಕೂ ಚಿಕಿತ್ಸೆ ಬೇಕು ಎಂದರು. ರಕ್ತದ ದೋಷವೆಂಬ ಅವರ ವಿವರಣೆ ಇಂದು ನಿಲ್ಲದು. ಆದರೆ ಆ ವಿಂಗಡಣೆಯ ಹಿಂದಿನ ಕರುಣೆ ಮತ್ತು ವಿವೇಕ ಹಳೆಯದಾಗಿಲ್ಲ.

'ಮನೆಯಲ್ಲಿ ಯಾವ ಕೊರತೆಯೂ ಇಲ್ಲ, ಆದರೂ ಅಳುತ್ತಾಳೆ.' ಅಂದು ಆ ತಂದೆ ನನಗೆ ಹೇಳಿದ್ದು ಬಲ್ಖೀ ವಿವರಿಸಿದ ಎರಡನೆಯ ದುಃಖವನ್ನೇ. ಸಾವಿರ ವರ್ಷಗಳ ಹಿಂದಿನ ವಿದ್ವಾಂಸರಿಗೆ ಗೊತ್ತಿದ್ದುದು ಮದ್ರಸದಲ್ಲಿ ಕಲಿತ ನನಗೆ ಗೊತ್ತಿರಲಿಲ್ಲ.

ನಾವು ಮಾಡಬೇಕಾದದ್ದು

ಮೊದಲನೆಯದಾಗಿ, ದುಃಖವನ್ನು ಈಮಾನಿನ ಅಳತೆಗೋಲು ಮಾಡಬೇಡಿ. ಪ್ರವಾದಿ ಯಅ್‌ಕೂಬ್(ಅ) ಮಗನ ಅಗಲಿಕೆಯಿಂದ ಅತ್ತು ದೃಷ್ಟಿಯನ್ನೇ ಕಳೆದುಕೊಂಡರು. ಪ್ರವಾದಿವರ್ಯರ(ಸ) ಜೀವನದಲ್ಲಿ ಖದೀಜಾ(ರ) ಮತ್ತು ಅಬೂ ತಾಲಿಬ್ ತೀರಿಕೊಂಡ ವರ್ಷವನ್ನು ದುಃಖದ ವರ್ಷವೆಂದೇ ಇತಿಹಾಸ ಕರೆಯುತ್ತದೆ. ಅವರ ಈಮಾನನ್ನು ಯಾರು ಶಂಕಿಸುವರು?

ಎರಡನೆಯದಾಗಿ, ಮೊದಲು ಕೇಳಿಸಿಕೊಳ್ಳಿ. ಒಳಗಿನ ಅನುಭವಕ್ಕೆ ಅದನ್ನು ಅನುಭವಿಸುವವರೇ ಸಾಕ್ಷಿ. ಅವರ ಮಾತನ್ನು ನಡುವೆ ತುಂಡರಿಸಿ ಉಪದೇಶ ಮಾಡಬೇಡಿ.

ಮೂರನೆಯದಾಗಿ, ಕುಗ್ಗುವಿಕೆ, ನಿದ್ದೆಯಿಲ್ಲದಿರುವುದು ವಾರಗಟ್ಟಲೆ ಮುಂದುವರಿದರೆ ವೈದ್ಯರ ಬಳಿಗೆ ಕರೆದೊಯ್ಯಿರಿ. ಸಾಯುವ ಮಾತು ಬಂದರೆ ಒಂದು ದಿನವೂ ತಡಮಾಡಬೇಡಿ, ಅವರನ್ನು ಒಂಟಿಯಾಗಿ ಬಿಡಬೇಡಿ. 2022ರಲ್ಲಿ ಕೇಂದ್ರ ಸರಕಾರ ಆರಂಭಿಸಿದ ಟೆಲಿಮಾನಸ್ ಸೇವೆಯ 14416 ಸಂಖ್ಯೆಗೆ ಕರೆ ಮಾಡಿದರೆ ಉಚಿತವಾಗಿ ಸಲಹೆ ಸಿಗುತ್ತದೆ. ಔಷಧಿಯನ್ನು ವೈದ್ಯರನ್ನು ಕೇಳದೆ ನಿಲ್ಲಿಸಬೇಡಿ. 'ಜನ ಏನೆನ್ನುವರು' ಎಂಬ ಭಯಕ್ಕೆ ಮನೆಯವರ ಜೀವಕ್ಕಿಂತ ಹೆಚ್ಚಿನ ಬೆಲೆ ಕೊಡಬೇಡಿ.

ನಾಲ್ಕನೆಯದಾಗಿ, ನಮಾಝ್, ದುಆಗಳನ್ನು ಶಿಕ್ಷೆಯಂತೆ ಹೇರಬೇಡಿ. ರೋಗಿಯ ಪಕ್ಕದಲ್ಲಿ ಕುಳಿತು ನೀವೇ ದುಆ ಮಾಡಿರಿ. ಮದ್ದು ಮಾಡುವುದು ತವಕ್ಕುಲ್‌ಗೆ ವಿರುದ್ಧವಲ್ಲ. ರೋಗವಿರುವಲ್ಲಿ ಚಿಕಿತ್ಸೆ ಮಾಡಿಸಬೇಕೆಂದು ಕಲಿಸಿದವರು ಪ್ರವಾದಿವರ್ಯರೇ(ಸ) ಅಲ್ಲವೇ?

ಓದುಗರೇ, ಮನಸ್ಸು ಮೆದುಳು ಮಾತ್ರವೇ ಎಂಬ ಪ್ರಶ್ನೆಗೆ ತತ್ವಜ್ಞಾನಿಗಳ ಕೊನೆಯ ಉತ್ತರ ಇನ್ನೂ ಬಂದಿಲ್ಲ. ಆದರೆ ಆ ಉತ್ತರ ಬರುವವರೆಗೆ ನೊಂದವರು ಕಾಯಬೇಕಾಗಿಲ್ಲ. ಮೆದುಳಿಗೆ ಮದ್ದು ಬೇಕಾದಾಗ ಮದ್ದು, ಮನಸ್ಸಿಗೆ ಮಾತು ಬೇಕಾದಾಗ ಮಾತು, ಎರಡರ ಜೊತೆಗೂ ಪ್ರಾರ್ಥನೆ. ಇಂದು ರಾತ್ರಿ ಊಟಕ್ಕೆ ಕುಳಿತಾಗ ಮನೆಯವರ ಮುಖಗಳನ್ನು ಒಮ್ಮೆ ನೋಡಿರಿ. ಯಾರಾದರೂ ಬಹಳ ದಿನಗಳಿಂದ ಸುಮ್ಮನಿದ್ದರೆ, ಕಾರಣವನ್ನು ನೀವೇ ಊಹಿಸಬೇಡಿ. ಕೇಳಿರಿ. ನನ್ನ ಹಾಗೆ ತಡವಾಗಿ ಕಲಿಯದಿರಿ.

ಅಲ್ಲಾಹನು ನಮಗೆ ಉಪಯುಕ್ತವಾದ ಜ್ಞಾನವನ್ನೂ, ನೊಂದವರನ್ನು ಅರಿಯುವ ಹೃದಯವನ್ನೂ ದಯಪಾಲಿಸಲಿ. ಆಮೀನ್.