ಚಳಿಗಾಲದಲ್ಲಿ ಕೃಷಿ ಹೊಂಡದ ಮೀನು ಗಾಳ ಮುಟ್ಟದಿದ್ದರೆ

ಎಳ್ಳ ಅಮಾವಾಸ್ಯೆ ಹತ್ತಿರ ಬಂತೆಂದರೆ ನನಗೆ ಬರುವ ಫೋನುಗಳಲ್ಲಿ ಈ ಪ್ರಶ್ನೆ ಇದ್ದೇ ಇರ್ತದೆ. "ಸರ್, ಹೊಂಡದಾಗ ಮೀನ ಅವ, ಕಣ್ಣಿಗಿ ಕಾಣ್ತಾವ. ಗಾಳಕ್ಕ ಮಾತ್ರ ಒಂದೂ ಬೀಳವಲ್ದು. ಯಾವ ಎರಿ ಹಾಕಬೇಕ್ರಿ?"

ಎರೆ ಬದಲಾಯಿಸುವುದು ಕಡೆಯ ಕೆಲಸ. ಮೊದಲು ನೋಡಬೇಕಾದದ್ದು ಮೀನಿಗೆ ಹಸಿವು ಅದೆಯೋ ಇಲ್ಲವೋ, ಇಲ್ಲದಿದ್ದರೆ ಯಾಕಿಲ್ಲ ಅನ್ನೋದು. ನಾನು ಓದಿದ್ದು ತೋಟಗಾರಿಕೆ. ಮೀನಿನ ಪಾಠ ಕಲಿತದ್ದು ನನ್ನ ಹೊಂಡದ ದಂಡೆಯ ಮೇಲೆ, ಅದಕ್ಕೆ 41 ಮೀನು ತೆತ್ತಿದ್ದೇನೆ.

ನನ್ನ ಹೊಲ ಬೀದರ್‌ನಿಂದ ಭಾಲ್ಕಿಗೆ ಹೋಗುವ ಕಡೆ, ಕೆಂಪು ಜಂಬಿಟ್ಟಿಗೆ ನೆಲ. ನೀರು ನಿಲ್ಲುವ ಮಣ್ಣಲ್ಲ, ಹಾಗಾಗಿ ಹೊಂಡಕ್ಕೆ ಪ್ಲಾಸ್ಟಿಕ್ ಶೀಟು ಹಾಸಿದೆ. 2014ರಲ್ಲಿ ಕೃಷಿ ಭಾಗ್ಯ ಯೋಜನೆ ಬಂದ ಮೇಲೆ ನಮ್ಮ ಜಿಲ್ಲೆಯಲ್ಲಿ ಇಂಥ ಹೊಂಡ ಬಹಳ ಆದವು. ನನ್ನದು 21 ಮೀಟರ್ ಉದ್ದ, ಅಷ್ಟೇ ಅಗಲ, 3 ಮೀಟರ್ ಆಳ. ದಂಡೆ ಇಳಿಜಾರು ಬಿಟ್ಟು ಲೆಕ್ಕ ಹಾಕಿದರೆ ತುಂಬಿದಾಗ ಸುಮಾರು 9.8 ಲಕ್ಷ ಲೀಟರ್ ನೀರು. ಪೇರಲ ತೋಟಕ್ಕೆ ಹನಿ ನೀರಾವರಿ ಇದರಿಂದಲೇ. ಇದರಲ್ಲಿ 200 ಮರಿ ಬಿಟ್ಟಿದ್ದೆ: 80 ಕಾಟ್ಲಾ, 60 ರೋಹು, 60 ಸಾಮಾನ್ಯ ಗೆಂಡೆ. ಬಲೆ ಎಳೆದರೆ ಶೀಟು ಹರಿಯುವ ಭಯ, ನಾಲ್ಕು ಆಳೂ ಬೇಕು. ವಾರಕ್ಕೆ ಐದಾರು ದೊಡ್ಡ ಮೀನು ಬೇಕೆಂದರೆ ಗಾಳವೇ ಸರಿ. ಸಣ್ಣದು ಬಿದ್ದರೆ ತಿರುಗಿ ನೀರಿಗೆ ಬಿಡಬಹುದು.

ಮೂರು ವರ್ಷದ ಹಿಂದಿನ ಚಳಿಗಾಲ. ಬೀದರ್‌ನ ಒಬ್ಬ ಗಿರಾಕಿಗೆ ಭಾನುವಾರಕ್ಕೆ 15 ಕಿಲೋ ಮೀನು ಕೊಡ್ತೀನಿ ಅಂತ ಮಾತು ಕೊಟ್ಟಿದ್ದೆ, ಮುಂಗಡವನ್ನೂ ತಗೊಂಡಿದ್ದೆ. ಗುರುವಾರ ಬೆಳಿಗ್ಗೆ 6 ಗಂಟೆಗೇ ಗಾಳ ಹಾಕಿ ಕೂತೆ. ಬೇಸಿಗೆಯಲ್ಲಿ ನಸುಕಿನಲ್ಲೇ ಮೀನು ಚೆನ್ನಾಗಿ ಬೀಳ್ತಿತ್ತಲ್ಲ, ಅದೇ ರೂಢಿ. ಹತ್ತು ಗಂಟೆವರೆಗೆ ಬೆಂಡು ಅಲುಗಲಿಲ್ಲ. ಎರೆಹುಳು ಬಿಟ್ಟು ಹಿಟ್ಟು ಹಾಕಿದೆ, ಹಿಟ್ಟು ಬಿಟ್ಟು ಕುದಿಸಿದ ಗೋವಿನಜೋಳ ಹಾಕಿದೆ. ಯಾರೋ ಇಂಗು ಕಲಸು ಅಂದರು, ಅದೂ ಆಯ್ತು. ಆಮೇಲೆ ಮೀನನ್ನು ದಂಡೆಗೆ ಕರೀಬೇಕು ಅಂತ ಶೇಂಗಾ ಹಿಂಡಿ, ತೌಡು ಕಲಸಿ ದಿನಕ್ಕೆ ಮೂರು ಕಿಲೋದಷ್ಟು ಎರಚತೊಡಗಿದೆ. ದಿನದ ಆಹಾರ ಎರಡು ಕಿಲೋ ಬೇರೆ. ಅದರ ಹಿಂದಿನ ವಾರವಷ್ಟೇ ಸಗಣಿ ಬಗ್ಗಡವನ್ನೂ ಬಿಟ್ಟಿದ್ದೆ.

ಶುಕ್ರವಾರ ಮೋಡ ಮುಚ್ಚಿತು. ರಾತ್ರಿ ಥಂಡಿ ಕಡಿಮೆಯಾಯ್ತು, ಇನ್ನು ಮೀನು ತಿಂತದೆ ಅಂದುಕೊಂಡೆ. ಶನಿವಾರ ಸಂಜೆ ಒಂದು ದೊಡ್ಡ ಮರಳ ಬಿತ್ತು, ಒಂದೂವರೆ ಕಿಲೋದ್ದು. ನಮ್ಮ ಭಾಲ್ಕಿ, ಔರಾದ್ ಕಡೆ ಮರಾಠಿಯಂತೆ ಮರಳ ಅಂತೀವಿ, ತೆಲುಗಿನವರು ಕೊರಮೀನು ಅಂತಾರೆ, ಮೈಸೂರು ಕಡೆಯವರಿಗೆ ಕೊರವ. ನಾನು ಬಿಟ್ಟ ಮೀನಲ್ಲ, ಮಳೆನೀರಿನ ಕಾಲುವೆಯಿಂದ ಬಂದು ಸೇರಿಕೊಂಡದ್ದು, ನನ್ನ ಮರಿಗಳನ್ನು ತಿಂದು ಬೆಳೆದದ್ದು. ಮೀನು ಕಚ್ಚಲು ಶುರುವಾಯ್ತು ಅಂತ ಖುಷಿಯಲ್ಲಿ ಇನ್ನೊಂದು ಬುಟ್ಟಿ ಹಿಂಡಿ ಎರಚಿ ಮನೆಗೆ ಹೋದೆ.

ಭಾನುವಾರ ನಸುಕಿನಲ್ಲಿ ಹೊಂಡದ ತುಂಬ ಮೀನು ಮೇಲೆ ಬಂದು ಬಾಯಿ ತೆರೆದು ಗಾಳಿಗೆ ಒದ್ದಾಡ್ತಿದ್ದವು. ಕಾಟ್ಲಾ ಮೊದಲು ಹೋದವು. ಎಂಟು ಗಂಟೆಗೆ ಎಣಿಸಿದಾಗ 41 ಸತ್ತಿದ್ದವು. ಗಿರಾಕಿಗೆ ಮುಂಗಡ ತಿರುಗಿ ಕೊಟ್ಟೆ. ಸತ್ತ ಮೀನನ್ನು ಮಾರಲಿಲ್ಲ, ಪೇರಲ ಸಾಲಿನ ನಡುವೆ ಆಳ ಗುಂಡಿ ತೋಡಿ ಹೂತೆ. ಆ ಸಾಲಿನ ಗಿಡಗಳು ಮರುವರ್ಷ ಬಲು ಜೋರಾಗಿ ಬಂದವು, ಆದರೆ ಅಷ್ಟು ದುಬಾರಿ ಗೊಬ್ಬರ ಯಾರಿಗೂ ಬೇಡ.

ಕಾರಂಜಾ ಜಲಾಶಯದ ಹಿನ್ನೀರಿನಲ್ಲಿ ಮೀನು ಹಿಡಿದೇ ಬಾಳಿದ ಭಾಲ್ಕಿ ತಾಲೂಕಿನ ಒಬ್ಬ ಕಾಕಾ ಆವತ್ತು ಮಧ್ಯಾಹ್ನ ಬಂದು ನೋಡಿದರು. "ತಮ್ಮಾ, ಮೂರು ದಿನ ಮೀನ ಉಣ್ಣವಲ್ವು ಅಂತ ನಿನಗ ಗೊತ್ತಾಗಿತ್ತಲ್ಲ, ಮತ್ತ ಊಟ ಯಾಕ ಹಾಕ್ದಿ?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಮರಳ ಬಿದ್ದ ಸುದ್ದಿ ಹೇಳಿದರೆ ನಕ್ಕರು. "ಅದು ಮ್ಯಾಲ ಬಂದು ಗಾಳಿ ಕುಡಿಯೋ ಮೀನ. ನೀರು ಕೆಟ್ಟರೂ ಅದಕ್ಕೇನ ಆಗಲ್ಲ. ಅದನ್ನ ನೋಡಿ ನೀರು ಛಲೋ ಅದ ಅಂತ ತಿಳ್ಕೊಂಡ್ರ ಹ್ಯಾಂಗ?"

ಆಗಿದ್ದು ಇಷ್ಟೇ. ಮೀನಿನ ಮೈ ಬಿಸಿ ನೀರಿನ ಬಿಸಿಯ ಜೊತೆ ಇಳಿಯುತ್ತದೆ, ಹೊಟ್ಟೆ ಅರಗುವುದೂ ನಿಧಾನವಾಗುತ್ತದೆ. ಕಾಟ್ಲಾ, ರೋಹುಗಳಿಗೆ 25ರಿಂದ 30 ಡಿಗ್ರಿ ನೀರು ಹಿತ. 20ರ ಕೆಳಗೆ ಹೋದರೆ ಅವು ತಿನ್ನುವುದನ್ನು ಬಹಳ ಕಡಿಮೆ ಮಾಡ್ತವೆ. ನಮ್ಮ ಬೀದರ್ ಎತ್ತರದ ಊರು, ಡಿಸೆಂಬರ್-ಜನವರಿಯಲ್ಲಿ ರಾತ್ರಿ 10 ಡಿಗ್ರಿ ಹತ್ತಿರಕ್ಕೆ ಇಳಿಯುವುದುಂಟು. ತಿನ್ನದೆ ಉಳಿದ ಹಿಂಡಿ ತಳದಲ್ಲಿ ಕೊಳೆತು ನೀರಿನ ಆಮ್ಲಜನಕ ತಿಂದಿತು. ಬಿಸಿಲಿದ್ದರೆ ನೀರಿನ ಹಸಿರು ಪಾಚಿ ಹಗಲು ಆಮ್ಲಜನಕ ಕೊಡುತ್ತಿತ್ತು. ಎರಡು ದಿನ ಮೋಡ, ಅದೂ ಇಲ್ಲ. ರಾತ್ರಿಯಿಡೀ ಪಾಚಿ, ಮೀನು, ಕೊಳೆತದ್ದು ಎಲ್ಲವೂ ಬಳಸಿ ನಸುಕಿನ ಹೊತ್ತಿಗೆ ನೀರು ಬರಿದಾಯ್ತು.

ಅಂದರೆ ಗಾಳ ಖಾಲಿ ಬರುವುದಕ್ಕೆ ಎರಡು ಕಾರಣ ಇರಬಹುದು, ಎರಡಕ್ಕೂ ಮದ್ದು ಬೇರೆ. ನೀರು ತಿಳಿಹಸಿರಿದ್ದು, ನಸುಕಿನಲ್ಲಿ ಮೀನು ಮೇಲೆ ಬಾಯಿ ಬಿಡದೆ ಇದ್ದರೆ ಬರೀ ಥಂಡಿ. ಬಿಸಿಲಿಗೆ ಕಾಯಬೇಕು. ನೀರು ಕಡುಹಸಿರು ಅಥವಾ ಕಂದಾಗಿ, ವಾಸನೆ ಬಂದು, ಮುಂಜಾನೆ ಮೀನು ಗಾಳಿಗೆ ಬಾಯಿ ತೆರೆಯುತ್ತಿದ್ದರೆ ಗಾಳ ಎತ್ತಿಡಿ. ಆಹಾರ, ಸಗಣಿ, ಜೀವಾಮೃತ ಎಲ್ಲ ನಿಲ್ಲಿಸಿ. ಮೋಟಾರ್ ಹಚ್ಚಿ ಹೊಂಡದ ನೀರನ್ನೇ ಸ್ಪ್ರಿಂಕ್ಲರ್‌ನಿಂದ ಮೇಲೆ ಹಾರಿಸಿ ಹೊಂಡಕ್ಕೇ ಬೀಳಿಸಿ. ಬೋರ್‌ವೆಲ್ ನೀರು ಬಿಡುವುದಾದರೂ ಹಾಗೇ ಚಿಮ್ಮಿಸಿ ಬಿಡಿ, ನೆಲದಾಳದ ನೀರಿನಲ್ಲಿ ಆಮ್ಲಜನಕ ಕಡಿಮೆ. ನಾನು ಆ ಭಾನುವಾರ ತಡವಾಗಿಯಾದರೂ ಹೀಗೇ ಮಾಡಿದ್ದಕ್ಕೆ ಉಳಿದವು ಬದುಕಿದವು.

ಈಗ ಬರೀ ಥಂಡಿಯ ಮಾತು. ಅಕ್ವೇರಿಯಂ ಅಂಗಡಿಯಲ್ಲಿ ಸಿಗುವ ಚಿಕ್ಕ ಥರ್ಮಾಮೀಟರ್ ಒಂದನ್ನು ದಾರಕ್ಕೆ ಕಟ್ಟಿ ಇಟ್ಟುಕೊಂಡಿದ್ದೇನೆ. ಜನವರಿಯ ಒಂದು ದಿನ ಬೆಳಿಗ್ಗೆ 7ಕ್ಕೆ 17 ತೋರಿಸಿದ್ದು, ಮಧ್ಯಾಹ್ನ 3ಕ್ಕೆ ದಂಡೆಯ ಹತ್ತಿರ 22 ಇತ್ತು. ಆದ್ದರಿಂದ ಚಳಿಗಾಲದಲ್ಲಿ ನಸುಕಿಗೆ ಎದ್ದು ಹೋಗಬೇಡಿ. ಮಧ್ಯಾಹ್ನ 1ರಿಂದ 4 ನನ್ನ ಹೊತ್ತು.

ಜಾಗವೂ ಮುಖ್ಯ. ಈ ತಿಂಗಳುಗಳಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ. ದಕ್ಷಿಣದ ದಂಡೆಯ ಬುಡಕ್ಕೆ ಒಡ್ಡಿನ ನೆರಳು ಬೀಳುತ್ತದೆ, ಉತ್ತರ ದಂಡೆಯ ಒಳ ಇಳಿಜಾರಿಗೆ ನೇರ ಬಿಸಿಲು. ಕಪ್ಪು ಶೀಟಾದರೆ ಇನ್ನೂ ಬೇಗ ಕಾಯುತ್ತದೆ. ಮೀನು ಅಲ್ಲಿಗೆ ಬರುತ್ತದೆ. ನೀವು ಉತ್ತರ ದಂಡೆಯಲ್ಲಿ ಕೂತರೆ ನಿಮ್ಮ ನೆರಳೂ ಹಿಂದಕ್ಕೆ ಬೀಳುತ್ತದೆ, ನೀರಿನ ಮೇಲಲ್ಲ. ಇದನ್ನು ಕಾಕಾ ಹೇಳಿದ್ದಲ್ಲ, ಎರಡು ಚಳಿಗಾಲ ತಪ್ಪು ದಂಡೆಯಲ್ಲಿ ಕೂತು ನಾನೇ ಕಂಡುಕೊಂಡದ್ದು.

ಕಾಟ್ಲಾ ಮೇಲಿನ ನೀರಿನದು, ರೋಹು ನಡುವಿನದು, ಗೆಂಡೆ ತಳದ್ದು. ಮೂರರಲ್ಲಿ ಥಂಡಿ ತಡೆಯುವುದು ಗೆಂಡೆ. ಹಾಗಾಗಿ ತಳಕ್ಕೇ ಗಾಳ ಬಿಡಿ. ಆದರೆ ಶೀಟಿಗೆ ಮುಳ್ಳು ತಾಗಬಾರದು. ಮೊದಲು ಮುಳ್ಳಿಲ್ಲದೆ ಒಂದು ಭಾರ ಕಟ್ಟಿ ಆಳ ಅಳೆಯಿರಿ, ಆಮೇಲೆ ಮುಳ್ಳು ತಳದಿಂದ ಒಂದು ಗೇಣು ಮೇಲೆ ನಿಲ್ಲುವಂತೆ ಬೆಂಡು ಕಟ್ಟಿರಿ. ಸಿಕ್ಕಿಕೊಂಡರೆ ಜಗ್ಗಬೇಡಿ, ದಾರ ಕತ್ತರಿಸಿ. ಮುಳ್ಳು ಎರಡು ರೂಪಾಯಿಯದು, ಶೀಟಿನ ತೂತು ಹೊಂಡವನ್ನೇ ಖಾಲಿ ಮಾಡ್ತದೆ.

ಬೇಸಿಗೆಯ ದೊಡ್ಡ ಮುಳ್ಳು, ದಪ್ಪ ದಾರ ಈಗ ನಡೆಯೋದಿಲ್ಲ. ಸಣ್ಣ ಮುಳ್ಳು, ತೆಳು ದಾರ, ಬಟಾಣಿ ಕಾಳಿನಷ್ಟು ಎರೆ ಸಾಕು. ಜೋಳದ ಹಿಟ್ಟಿಗೆ ಶೇಂಗಾ ಹಿಂಡಿ ಅರ್ಧಕ್ಕರ್ಧ ಸೇರಿಸಿ ಬಿಸಿನೀರಲ್ಲಿ ಗಟ್ಟಿಯಾಗಿ ನಾದಿ. ಇಂಗಿನಿಂದ ನನಗೆ ವ್ಯತ್ಯಾಸ ಕಾಣಲಿಲ್ಲ, ಹಾಕುವವರು ಹಾಕಲಿ. ಕರೆಯುವುದಕ್ಕೆ ಒಂದು ಹಿಡಿ ಹಿಟ್ಟು ಮಾತ್ರ, ಅದೂ ಒಂದೇ ಸಲ. ಬೆಂಡಿಗೆ ಜೋಳದ ದಂಟಿನ ತಿರುಳು ಚಲೋ, ತಾಸಿಗೊಮ್ಮೆ ಬದಲಾಯಿಸಬೇಕು, ನೀರು ಕುಡಿಯುತ್ತದೆ. ಥಂಡಿಯಲ್ಲಿ ಮೀನು ಬೆಂಡನ್ನು ಮುಳುಗಿಸೋದಿಲ್ಲ. ಸುಮ್ಮನೆ ನಡುಗುತ್ತದೆ, ಇಲ್ಲವೇ ಪಕ್ಕಕ್ಕೆ ಸರಿಯುತ್ತದೆ. ಅಷ್ಟಕ್ಕೇ ಮೆಲ್ಲಗೆ ಎತ್ತಿ.

ದಿನದ ಆಹಾರವನ್ನೂ ಈಗ ತಟ್ಟೆಯಲ್ಲಿಟ್ಟು ದಾರದಿಂದ ಇಳಿಬಿಡ್ತೇನೆ. ಎರಡು ತಾಸಿನ ನಂತರ ಎತ್ತಿ ನೋಡಿ ಉಳಿದಿದ್ದರೆ ನಾಳೆ ಅರ್ಧ. ಏನೂ ತಿಂದಿಲ್ಲವೆಂದರೆ ನಾಳೆ ಬಂದ್, ಗಾಳವೂ ಬಂದ್.

ಶೀಟಿನ ಮೇಲೆ ನಿಂತು ಗಾಳ ಹಾಕಬೇಡಿ. ಒದ್ದೆ ಶೀಟಿನಲ್ಲಿ ಜಾರಿದರೆ ಈಜು ಬರುವವರಿಗೂ ಮೇಲೆ ಹತ್ತಲಾಗದು. ಒಡ್ಡಿನ ಮೇಲೆ ಕೂತುಕೊಳ್ಳಿ, ಉದ್ದನೆ ಬಿದಿರು ಇಟ್ಟುಕೊಳ್ಳಿ. ನಾಲ್ಕೂ ಮೂಲೆಗೆ ಗಂಟು ಹಾಕಿದ ಹಗ್ಗ ಇಳಿಬಿಟ್ಟು, ಟ್ರ್ಯಾಕ್ಟರ್ ಟ್ಯೂಬು ಒಂದು ತೇಲಿಸಿಡಿ. ಸುತ್ತ ಬೇಲಿ ಇರಲೇಬೇಕು. ಮೀನು ನೋಡಲು ಮಕ್ಕಳು ಒಬ್ಬರೇ ಬರ್ತಾರೆ. ಇದೆಲ್ಲ ಸ್ವಂತ ಹೊಂಡದ ಮಾತು. ಊರ ಕೆರೆಯಾದರೆ ಮೀನಿನ ಹಕ್ಕು ಗುತ್ತಿಗೆಗೆ ಹೋಗಿರ್ತದೆ, ಪಂಚಾಯ್ತಿಯಲ್ಲೋ ಮೀನುಗಾರಿಕೆ ಇಲಾಖೆಯಲ್ಲೋ ಕೇಳಿಯೇ ಗಾಳ ಹಾಕಿ.

ಔರಾದ್ ತಾಲೂಕಿನ ನಮ್ಮ ಮಾವನ ಹೊಂಡದಲ್ಲಿ ಲೆಕ್ಕ ಸ್ವಲ್ಪ ಬೇರೆ. ಅಲ್ಲಿ ಕರಿ ಎರೆಮಣ್ಣು, ಶೀಟಿಲ್ಲದೆಯೇ ನೀರು ನಿಲ್ಲುತ್ತದೆ, ಆದರೆ ಯಾವಾಗಲೂ ರಾಡಿ. ಮೀನಿಗೆ ಎರೆ ಕಾಣೋದಿಲ್ಲ, ವಾಸನೆಯೇ ದಾರಿ. ಅಲ್ಲಿ ಹಿಟ್ಟಿಗಿಂತ ಎರೆಹುಳು ಮೇಲು, ಗೊಬ್ಬರದ ತೊಟ್ಟಿಯಿಂದ ತೆಗೆದ ಹುಳುವನ್ನು ತುಂಡು ಮಾಡಿ ಹಾಕಿದರೆ ಇನ್ನೂ ಒಳ್ಳೆಯದು. ದಂಡೆಯ ಜೊಂಡಿನಲ್ಲಿ ಮರಳ ಅಡಗಿರುತ್ತದೆ, ಅದಕ್ಕೆ ಸಣ್ಣ ಮೀನನ್ನೇ ಎರೆ ಮಾಡಬೇಕು. ಮರಿ ಬಿಡುವ ಮೊದಲು ಅದನ್ನು ಹಿಡಿದು ಮುಗಿಸಿದರೆ ಲಾಭ ಎರಡು ಕಡೆ, ಹೈದರಾಬಾದ್ ಕಡೆ ಅದಕ್ಕೆ ಒಳ್ಳೆ ರೇಟೂ ಇದೆ. ಹೋದ ಜನವರಿಯಲ್ಲಿ ಮಾವ ಬೆಳಿಗ್ಗೆಯಿಂದ ಕೂತು ಒಂದೂ ಸಿಗದೆ ಎದ್ದಿದ್ದರು. ಊಟ ಮಾಡಿ, ಎರಡು ಗಂಟೆಗೆ ಬಿಸಿಲು ಬಿದ್ದ ದಂಡೆಗೆ ಜಾಗ ಬದಲಿಸಿ ಕೂತೆವು. ಸಂಜೆಯೊಳಗೆ ನಾಲ್ಕು ಗೆಂಡೆ, ಒಂದು ರೋಹು ಬಿದ್ದವು.