ಗೇಮ್ ಕಟ್ಟುವ ಆಸೆಯೇ? ಗದಗಿನಲ್ಲೇ ಶುರು ಮಾಡಿ

ಗೇಮ್ ಡೆವಲಪರ್ ಆಗಬೇಕೆನ್ನುವ ಮಕ್ಕಳು ‘ಗೇಮಿಂಗ್’ ಎಂಬ ಹೆಸರಿನ ಪದವಿಯನ್ನೇ ಹುಡುಕಿಕೊಂಡು, ಸಾಲ ಮಾಡಿ ದೂರದೂರಿಗೆ ಹೋಗಬೇಕಿಲ್ಲ. ಕಂಪ್ಯೂಟರ್ ಸೈನ್ಸ್ ಓದಿ. ಓದುತ್ತಲೇ ಗೇಮ್ ಕಟ್ಟಿ. ನಾನು ಎಲ್ಲರಿಗೂ ಹೇಳುವುದು ಇದನ್ನೇ.

ಮೊದಲು ಕಾಲೇಜು. ಮುಂಡರಗಿಯವರಿಗೆ ಗದಗಿನ ಮುಂಡರಗಿ ರಸ್ತೆಯಲ್ಲೇ ತೋಂಟದಾರ್ಯ ಎಂಜಿನಿಯರಿಂಗ್ ಕಾಲೇಜಿದೆ. ಶಿರಹಟ್ಟಿಯವರಿಗೆ ಲಕ್ಷ್ಮೇಶ್ವರದ ಅಗಡಿ ಕಾಲೇಜು ಹತ್ತಿರ. ಬೆಟಗೇರಿಯವರಿಗೆ ಹುಲಕೋಟಿಯ ಎಂಜಿನಿಯರಿಂಗ್ ಕಾಲೇಜೂ ದೂರವಲ್ಲ. ಮೂರೂ ವಿಟಿಯು ಅಡಿಯಲ್ಲಿವೆ. ಸಿಇಟಿ ಎಂಜಿನಿಯರಿಂಗ್ ರ‍್ಯಾಂಕಿನಲ್ಲಿ ಪಿಯುಸಿಯ ಭೌತವಿಜ್ಞಾನ, ರಸಾಯನವಿಜ್ಞಾನ, ಗಣಿತದ ಅಂಕಗಳಿಗೆ ಅರ್ಧ ಪಾಲಿದೆ. ಬೋರ್ಡ್ ಪರೀಕ್ಷೆಯನ್ನು ಹಗುರವಾಗಿ ನೋಡಬೇಡಿ. ಡಿಪ್ಲೊಮಾ ಮಾಡಿದವರು ಡಿಸಿಇಟಿ ಬರೆದು ನೇರ ಎರಡನೇ ವರ್ಷಕ್ಕೆ ಸೇರಬಹುದು. ಬಿಸಿಎ ಕೂಡ ಒಳ್ಳೆಯ ದಾರಿಯೇ.

ಆಮೇಲೆ ಕಾಗದಪತ್ರ. ಒಂದರಿಂದ ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಅಥವಾ ಹಳ್ಳಿ ಶಾಲೆಯಲ್ಲಿ ಓದಿದ್ದರೆ ಪ್ರತ್ಯೇಕ ಮೀಸಲಾತಿ ಉಂಟು. ಶಾಲೆಯ ಪ್ರಮಾಣಪತ್ರಕ್ಕೆ ಬಿಇಒ ಸಹಿ ಬೇಕು. ಕೌನ್ಸೆಲಿಂಗ್ ಹೊತ್ತಿಗೆ ಓಡಾಡುವ ಬದಲು ರಜೆಯಲ್ಲೇ ಮಾಡಿಸಿಕೊಳ್ಳಿ. ಪಕ್ಕದ ಕೊಪ್ಪಳಕ್ಕಿರುವ 371(ಜೆ) ಸೌಲಭ್ಯದಲ್ಲಿ ಗದಗ ಜಿಲ್ಲೆ ಸೇರಿಲ್ಲ, ಮುಂಡರಗಿ ಗಡಿಭಾಗದವರು ಗಮನಿಸಿ.

ಇನ್ನು ನಿಜವಾದ ಕೆಲಸ. ಮೊದಲ ಸೆಮಿಸ್ಟರ್‌ನಲ್ಲೇ ಗೋಡೋ ಎಂಬ ಗೇಮ್ ಎಂಜಿನ್ ಇಳಿಸಿಕೊಳ್ಳಿ. ಪೂರ್ತಿ ಉಚಿತ, ಹಳೆಯ ಲ್ಯಾಪ್‌ಟಾಪಿಗೂ ಭಾರವಾಗದು. ಬಂದೂಕಿನ ದೊಡ್ಡ ಗೇಮ್ ಕನಸು ಈಗಲೇ ಬೇಡ. ಅಜ್ಜಿ ಆಡುತ್ತಿದ್ದ ಚೌಕಾಬಾರ ಕಟ್ಟಿ. ಐದೈದರ ಇಪ್ಪತ್ತೈದು ಮನೆ, ನಾಲ್ಕು ಕವಡೆ. ಮನೆಗಳನ್ನು ಅರೇಯಲ್ಲಿ ಇಡುವುದು, ಕಾಯಿ ನಡೆಸುವುದು, ಹೊಡೆದಾಗ ಹಿಂದಕ್ಕೆ ಕಳಿಸುವುದು, ಯಾರ ಸರದಿ ಎಂದು ನೆನಪಿಡುವುದು ಎಲ್ಲವೂ ಇದರಲ್ಲಿ ಬರುತ್ತದೆ. ಕವಡೆಯಲ್ಲಿ ಮಾತ್ರ ಹೊಸಬರು ಎಡವುತ್ತಾರೆ. 1, 2, 3, 4, 8 ಇವುಗಳಲ್ಲಿ ಯಾವುದೋ ಒಂದನ್ನು ಆರಿಸು ಎಂದು ಕೋಡ್ ಬರೆದರೆ ಐದು ಸಲಕ್ಕೊಮ್ಮೆ ಎಂಟು ಬಿದ್ದು ಆಟ ಕೆಡುತ್ತದೆ. ಪ್ರತಿ ಕವಡೆಯನ್ನೂ ಬೇರೆಬೇರೆಯಾಗಿ ಬೀಳಿಸಿ ಎಣಿಸಬೇಕು. ಮೇಲೂ ಕೆಳಗೂ ಸಮನಾಗಿ ಬೀಳುವ ಕವಡೆಯೆಂದಿಟ್ಟುಕೊಂಡರೆ 16 ಬಗೆಗಳಲ್ಲಿ ಆರು ಸಲ ಎರಡು ಬರುತ್ತದೆ, ಎಂಟು ಒಂದೇ ಸಲ. ಪಿಯುಸಿಯ ಸಂಭವನೀಯತೆ ಪಾಠ ಇಲ್ಲಿ ಕೈಗೆ ಸಿಗುತ್ತದೆ. ಅದಕ್ಕೇ ಗಣಿತ ಬಿಡಬೇಡಿ ಎನ್ನುವುದು.

ಆ ನಂತರ ಯೂನಿಟಿ ಹಿಡಿದರೆ ಸಿ ಶಾರ್ಪ್, ಅನ್‌ರಿಯಲ್ ಆದರೆ ಸಿ ಪ್ಲಸ್ ಪ್ಲಸ್, ಆಂಡ್ರಾಯ್ಡ್ ಆ್ಯಪ್‌ಗೆ ಕಾಟ್ಲಿನ್. ಒಂದನ್ನೇ ಗಟ್ಟಿ ಮಾಡಿಕೊಳ್ಳಿ. ಚಿತ್ರ ಬಿಡಿಸುವ ಗೆಳೆಯರನ್ನು ಜೊತೆಗೆ ಸೇರಿಸಿಕೊಳ್ಳಿ.

ಮುಗಿದ ಗೇಮನ್ನು ಇಚ್.ಐಒದಲ್ಲಿ ಪುಕ್ಕಟೆಯಾಗಿ ಹಾಕಬಹುದು. ಗೂಗಲ್ ಪ್ಲೇಗೆ ಒಂದು ಬಾರಿಯ ಶುಲ್ಕ 25 ಡಾಲರ್. ಹೊಸ ವೈಯಕ್ತಿಕ ಖಾತೆಯವರು ಕನಿಷ್ಠ 12 ಜನರನ್ನು ಸತತ 14 ದಿನ ಪರೀಕ್ಷಕರಾಗಿ ಉಳಿಸಿಕೊಂಡ ಮೇಲೆಯೇ ಎಲ್ಲರಿಗೂ ಬಿಡುಗಡೆಗೆ ಅರ್ಜಿ ಹಾಕಬಹುದು. ತರಗತಿಯವರು ಸಾಲದಿದ್ದರೆ ಚೌಕಾಬಾರ ಬಲ್ಲ ಮನೆಯ ಹಿರಿಯರ ಫೋನಿಗೂ ಹಾಕಿಕೊಡಿ. ಕಾಯಿ ತಪ್ಪು ಮನೆಗೆ ಹೋದರೆ ಮೊದಲು ಹಿಡಿಯುವವರು ಅವರೇ.